ದೂಮಣ್ಣ ಹಾಕಿದ ಬ್ರೇಕು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ನನ್ನ ಎರಡು ಕಣ್ಣಾಣೆ. ಮಗಳು ಝಿಕ್ರಾಳ ಮೇಲೂ ಆಣೆ ಇಡುತ್ತಿದ್ದೆ. ಆದರೆ ಅವಳಿಗೆ ಈಗ ಹದಿಮೂರು. "ಅಬ್ಬಾ, ಲೀವ್ ಮಿ ಔಟ್ ಆಫ್ ಇಟ್" ಎಂದು ಮೊದಲೇ ಹೇಳಿಬಿಟ್ಟಿದ್ದಾಳೆ. ಕಣ್ಣೇ ಸಾಕು.

ನಾನು ಜಮೀಲ್. ಊರು ಮೈಸೂರು, ಮನೆ ಹದಿನೇಳು ವರ್ಷದಿಂದ ನಾರ್ತ್ ಕ್ಯಾರೊಲೈನಾದ ಏಪೆಕ್ಸ್. ಇಲ್ಲಿನ ಕನ್ನಡದವರನ್ನು ಯಾರನ್ನಾದರೂ ನನ್ನ ಬಗ್ಗೆ ಕೇಳಿ ನೋಡಿ. "ಓ, ಜಮೀಲಾ? ಅವ್ನು ಹೇಳಿದ್ರಲ್ಲಿ ಅರ್ಧ ಕಳೆದು ಕೇಳ್ಬೇಕು" ಅನ್ನುತ್ತಾರೆ. ಈ ಕತೆಯಲ್ಲಿ ಕಳೆಯಬೇಕಾದ್ದನ್ನು ಆದಷ್ಟು ನಾನೇ ಕಳೆದಿದ್ದೇನೆ.

ನಮ್ಮ ಎದುರು ಮನೆಯವರು ದೂಮಪ್ಪ. ಮೂಡಬಿದಿರೆ ಕಡೆಯವರು, ನನಗಿಂತ ಎಂಟು ವರ್ಷ ದೊಡ್ಡವರು, ನಾನು ಕರೆಯುವುದು ದೂಮಣ್ಣ ಎಂದು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ ಅವರಿಗೆ ಮಾತ್ರೆಗಳನ್ನು ಪರೀಕ್ಷೆ ಮಾಡುವ ಕೆಲಸ. ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರೆ, ಶನಿವಾರ ಕಾರು. ಬೆಳಿಗ್ಗೆ ಎಂಟಕ್ಕೆ ಅವರ ಗರಾಜಿನ ಬಾಗಿಲು ಮೇಲೆ ಹೋಯಿತೆಂದರೆ ನಮ್ಮ ಬೀದಿಯಲ್ಲಿ ಕಾರುಗಳ ಸಾಲು. ಆಯಿಲ್ ಚೇಂಜ್, ಬ್ರೇಕ್ ಪ್ಯಾಡ್, ಬೆಲ್ಟು. ಹುಡ್, ಅಂದರೆ ನಮ್ಮೂರಿನ ಬಾನೆಟ್ಟು, ಎತ್ತಿ ಅವರು ಕಿವಿ ಕೊಟ್ಟರೆ ಕಾರು ತಾನಾಗಿಯೇ ತಪ್ಪು ಒಪ್ಪಿಕೊಳ್ಳುತ್ತಿತ್ತು. ಪಕ್ಕದ ಬೀದಿಯ ಯಶವಂತನ ಕಾರಂತೂ ಒಮ್ಮೆ ಪಕ್ಕದ ಕಾರಿನ ತಪ್ಪನ್ನೂ ಒಪ್ಪಿಕೊಂಡುಬಿಟ್ಟಿತು. ಅವರು ಯಾರ ಹತ್ತಿರವೂ ಕೂಲಿ ತೆಗೆದುಕೊಂಡವರಲ್ಲ. ಊಟ ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ, ಅಷ್ಟೆ.

ಎರಡು ಸಾವಿರದ ಇಪ್ಪತ್ತೆರಡರ ರಂಜಾನ್ ಹಬ್ಬದ ದಿನ ನನ್ನ ವ್ಯಾನು ಅವರ ಗರಾಜಿನಲ್ಲಿ ಚಕ್ರ ಬಿಚ್ಚಿಕೊಂಡು ಜ್ಯಾಕಿನ ಮೇಲೆ ನಿಂತಿತ್ತು. ನನ್ನ ಹೆಂಡತಿ ಬಿಲ್ಕೀಸ್ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಹಾಲು, ಶಾವಿಗೆ, ಖರ್ಜೂರದ ಪಾಯಸ, ಶೀರ್ ಖುರ್ಮಾ ಮಾಡಿದ್ದಳು. ಒಂಬತ್ತು ಮನೆಗೆ ಹಂಚಬೇಕು. ಹಬ್ಬದ ದಿನದ ಶೀರ್ ಖುರ್ಮಾ ಬಿಸಿ ಆರುವುದರೊಳಗೆ ಹಂಚದಿದ್ದರೆ ಅವಳಿಗೆ ಮುಂದಿನ ಹಬ್ಬದವರೆಗೆ ಸಮಾಧಾನವಿಲ್ಲ. ದೂಮಣ್ಣ ತಮ್ಮ ಕಾರಿನ ಕೀ ಕೊಟ್ಟರು. ಎರಡು ಸಾವಿರದ ಎಂಟರ ಬೂದು ಬಣ್ಣದ ಸೆಡಾನು.

"ತೆಕ್ಕೊಂಡು ಹೋಗು ಜಮೀಲ. ಮೊನ್ನೆಯಷ್ಟೇ ಬ್ರೇಕ್ ಹೊಸದು ಹಾಕಿದ್ದೇನೆ. ಮುಟ್ಟಿದ್ರೆ ನಿಲ್ತದೆ."

"ಮುಟ್ಟದೆ ಇದ್ರೆ?"

"ಮುಟ್ಟದೆ ಇದ್ರೆ ನೀನು ಮಾತಾಡ್ತಾ ಇದ್ದೀಯ ಅಂತ ಅರ್ಥ. ಹೋಗು ಮಾರಾಯ, ತಣ್ಣಗಾಗ್ತದೆ."

ದೊಡ್ಡ ಪಾತ್ರೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ, ಮುಚ್ಚಳಕ್ಕೆ ಬಿಲ್ಕೀಸಳ ಹಳೇ ದುಪಟ್ಟಾ ಕಟ್ಟಿ ಹೊರಟೆ. ಹಳೇ ಪೇಟೆಯ ರೈಲು ಹಳಿ ದಾಟುವಾಗ ಕಾರು ಕುಲುಕಿತು. ದುಪಟ್ಟಾದ ಗಂಟು ಸಡಿಲವಾಗಿ ಮುಚ್ಚಳ ಜಾರಿತು. ಪಾತ್ರೆ ನನ್ನ ಕಡೆ ವಾಲಿತು. ನಾನು ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಪಾತ್ರೆ ಹಿಡಿದುಕೊಂಡೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಬ್ಬದ ಪಾತ್ರೆ ಉರುಳುತ್ತಿದ್ದರೆ ಕೈ ಮನುಷ್ಯನನ್ನು ಕೇಳಿ ಹೋಗುವುದಿಲ್ಲ. ಮುಂದಿದ್ದ ದೀಪದ ಕಂಬ ತಾನಾಗಿಯೇ ಎರಡು ಹೆಜ್ಜೆ ಮುಂದೆ ಬಂತು. ಹೋಗಲಿ, ಇದನ್ನು ಕಳೆಯಿರಿ. ಕಂಬ ಇದ್ದಲ್ಲೇ ಇತ್ತು, ನಾನೇ ಹೋಗಿ ಗುದ್ದಿದೆ. ಏರ್‌ಬ್ಯಾಗ್ ಉಬ್ಬಿತು. ಶಾವಿಗೆ ಕಾರಿನ ಛಾವಣಿಯಿಂದ ಜೋತಾಡುತ್ತಿತ್ತು. ನನ್ನ ಗಡ್ಡದಲ್ಲಿ ಖರ್ಜೂರವಿತ್ತು. ಮೈಮೇಲೆ ಒಂದೂ ಗಾಯವಿರಲಿಲ್ಲ.

ದೂಮಣ್ಣನಿಗೆ ಫೋನ್ ಮಾಡಿ ಕಂಬಕ್ಕೆ ಗುದ್ದಿದೆ ಎಂದೆ. ಹೇಗೆ ಎಂಬುದಕ್ಕೆ ಬಾಯಿಂದ ಬಂದದ್ದು ಒಂದೇ ಮಾತು.

"ಬ್ರೇಕ್ ಹಿಡೀಲಿಲ್ಲ ದೂಮಣ್ಣ."

ಯೋಚಿಸಿ ಹೇಳಿದ್ದಲ್ಲ. ಮೈಸೂರಿನಲ್ಲಿ ನಾನು ಕಂಡ ಹಾಗೆ ಯಾವ ಗಾಡಿ ಯಾವುದಕ್ಕೆ ಗುದ್ದಿದರೂ ಕೆಳಗಿಳಿದವನು ಮೊದಲು ಹೇಳುವುದು ಅದನ್ನೇ. ಇನ್ನೊಬ್ಬರ ಕಾರು ಜಜ್ಜಿ, ಶಾವಿಗೆಯ ಕೆಳಗೆ ಕೂತು, ಪಾಯಸ ಹಿಡಿಯಲು ಹೋಗಿದ್ದೆ ಎಂದು ಹೇಗೆ ಹೇಳುವುದು? ಸಂಜೆ ಹೇಳಿದರಾಯಿತು ಎಂದುಕೊಂಡೆ.

ಸಂಜೆ ಮನೆ ತುಂಬ ಜನ. ಹಬ್ಬಕ್ಕೆ ಬಂದವರು, ಅಪಘಾತ ಕೇಳಿ ಬಂದವರು, ಬಿರಿಯಾನಿಗೆ ಬಂದವರು. "ಏನಾಯ್ತು ಜಮೀಲಣ್ಣ?" ಎಂದು ಯಶವಂತ ಕೇಳಿದ. ಹತ್ತು ಜನ ನನ್ನ ಮುಖ ನೋಡುತ್ತಿದ್ದಾರೆ. ನನಗೆ ಅಷ್ಟು ಸಾಕು. ಬ್ರೇಕ್ ಒತ್ತಿದೆ, ಇಲ್ಲ. ಇನ್ನೊಂದು ಸಲ ಒತ್ತಿದೆ, ಇಲ್ಲ. ಒಂದು ಕೆಂಪು ಸಿಗ್ನಲ್ ದಾಟಿದೆ. ಎದುರಿಗೆ ಲಾರಿ. ಲಾರಿಯವನು ಶಿಲುಬೆ ಗುರುತು ಹಾಕಿಕೊಂಡದ್ದನ್ನು ನನ್ನ ಕಣ್ಣಾರೆ ಕಂಡೆ. ಕೊನೆಗೆ ಶಾಲೆ ಮಕ್ಕಳನ್ನು ಉಳಿಸಲು ನಾನೇ ಬೇಕೆಂದು ಕಂಬ ಆರಿಸಿಕೊಂಡೆ.

ಜನ ಬಿದ್ದು ಬಿದ್ದು ನಕ್ಕರು. ದೂಮಣ್ಣ ಮೂಲೆಯ ಕುರ್ಚಿಯಲ್ಲಿ ತಟ್ಟೆ ಹಿಡಿದು ಕೂತಿದ್ದರು. ಅವರು ನಗಲಿಲ್ಲ. ಅವರ ತಟ್ಟೆಯಲ್ಲಿ ಬಿರಿಯಾನಿ ಬಡಿಸಿದ ಹಾಗೆಯೇ ಇತ್ತು.

ಇನ್ಶೂರೆನ್ಸಿನವರು ಬಂದು ನೋಡಿ, ಇಷ್ಟು ಹಳೇ ಕಾರನ್ನು ರಿಪೇರಿ ಮಾಡುವುದು ದಂಡ, ಇದರ ಆಯುಸ್ಸು ಮುಗಿಯಿತು ಎಂದರು. ಅಂಥ ಕಾರಿನ ಕಾಗದದ ಮೇಲೆ 'ಸಾಲ್ವೇಜ್' ಎಂದು ಮುದ್ರೆ ಬೀಳುತ್ತದೆ, ಗುಜರಿ ಎಂದು ಅರ್ಥ. ಮಾಲೀಕ ಬೇಕೆಂದರೆ ಅದನ್ನು ಇಟ್ಟುಕೊಂಡು, ಸರಿ ಮಾಡಿ, ಕಾಗದ ಬದಲಿಸಿಕೊಂಡು, ತಪಾಸಣೆ ಮಾಡಿಸಿ ಮತ್ತೆ ರಸ್ತೆಗೆ ಇಳಿಸಬಹುದು. ಸಾಮಾನ್ಯವಾಗಿ ಯಾರೂ ಆ ತಲೆನೋವು ಹಚ್ಚಿಕೊಳ್ಳುವುದಿಲ್ಲ.

"ಬಿಟ್ಟು ಹಾಕಿ, ಬೇರೆ ತೆಗೊಳ್ಳುವ" ಎಂದರು ಅವರ ಹೆಂಡತಿ ವಿನೋದಕ್ಕ.

"ಇಲ್ಲ. ಯಾಕೆ ಹಿಡೀಲಿಲ್ಲ ಅಂತ ನನಗೆ ಗೊತ್ತಾಗ್ಬೇಕು."

ಅಂದೇ ಹೇಳಬಹುದಿತ್ತು. ನಾನು ಅಲ್ಲೇ, ಅವರ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೀರುದೋಸೆ ತಿನ್ನುತ್ತಿದ್ದೆ. ಇನ್ನೊಂದು ದೋಸೆ ಹಾಕಿಸಿಕೊಂಡೆ.

ಆ ಕಾರನ್ನು ಸರಿ ಮಾಡಲು ಹದಿಮೂರು ತಿಂಗಳು ಹಿಡಿಯಿತು. ಶನಿವಾರದ ಸಾಲು ನಿಂತುಹೋಯಿತು. ಯಾರಾದರೂ ಆಯಿಲ್ ಚೇಂಜ್ ಎಂದು ಬಂದರೆ, "ಅಂಗಡಿಗೆ ಹೋಗಿ, ನನ್ನ ಕೈ ಈಗ ಸರಿ ಇಲ್ಲ" ಎಂದು ಕಳಿಸುತ್ತಿದ್ದರು. ನಾನು ಪ್ರತಿ ಶನಿವಾರ ಸಹಾಯಕ್ಕೆ ಹೋಗುತ್ತಿದ್ದೆ. ಟಾರ್ಚ್ ಹಿಡಿಯುವುದು, ಬೋಲ್ಟ್ ಎಣಿಸುವುದು. ಎಲ್ಲರೂ ನನ್ನನ್ನು ಹೊಗಳಿದರು, ಫ್ರೆಂಡ್ ಅಂದರೆ ಹೀಗಿರಬೇಕು ಎಂದು.

ಬಿಡಿಭಾಗಕ್ಕೆ ಪಕ್ಕದ ರಾಲಿ ನಗರದ ಆಚೆಗಿರುವ ಒಂದು ಗುಜರಿ ಯಾರ್ಡಿಗೆ ಹೋಗುತ್ತಿದ್ದೆವು. ಅಲ್ಲಿ ಬೇಕಾದ್ದನ್ನು ನಾವೇ ಬಿಚ್ಚಿಕೊಳ್ಳಬೇಕು. ಎಷ್ಟು ದೊಡ್ಡ ಯಾರ್ಡೆಂದರೆ, ಎರಡು ಸಾವಿರದ ಒಂಬತ್ತರಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಹುಡುಕಲು ಹೋದವನೊಬ್ಬ ನಮಗೆ ಎದುರಾಗಿ, ಹೊರಗೆ ಈಗ ಯಾವ ವರ್ಷ ಎಂದು ಕೇಳಿದ. ಆಗಲಿ, ಇದನ್ನೂ ಕಳೆಯಿರಿ. ಆದರೆ ಹುಡ್ ಬಿಳಿ ಸಿಕ್ಕಿತು, ಎಡಗಡೆ ಚಕ್ರದ ಮೇಲಿನ ಫೆಂಡರ್ ಕಡುಹಸಿರು ಸಿಕ್ಕಿತು, ಅದು ನಿಜ. ಏರ್‌ಬ್ಯಾಗ್ ಮಾತ್ರ ಹೊಸದೇ ಬೇಕೆಂದು ದೂಮಣ್ಣ ತರಿಸಿದರು. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಒಳಗಿಂದ ದ್ರಾಕ್ಷಿ, ಗೋಡಂಬಿ, ಒಣಗಿದ ಶಾವಿಗೆ ಉದುರಿದವು.

"ಬಿಲ್ಕೀಸ್ ಕೈ ಧಾರಾಳ ಮಾರಾಯ" ಎಂದರು ದೂಮಣ್ಣ, ಒಂದು ಗೋಡಂಬಿಯನ್ನು ಬೆಳಕಿಗೆ ಹಿಡಿದು.

ಪಾತ್ರೆ ಕಾರಿನಲ್ಲಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅದನ್ನು ನಾನು ಹಿಡಿದದ್ದು ನನಗೊಬ್ಬನಿಗೇ ಗೊತ್ತಿತ್ತು.

ಬ್ರೇಕನ್ನು ಅವರು ಹನ್ನೊಂದು ಸಲ ಬಿಚ್ಚಿದರು. ನಾನು ಎಣಿಸಿದ್ದೇನೆ, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಪ್ಯಾಡು, ಡಿಸ್ಕು, ಆಯಿಲ್ ಹೋಗುವ ಕೊಳವೆ, ಒಂದೊಂದನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಆಫೀಸಿನಲ್ಲಿ ಮಾತ್ರೆ ನೋಡುವ ಹಾಗೆ ಕನ್ನಡಕ ಹಣೆಗೇರಿಸಿ ನೋಡುವರು. ಎಲ್ಲ ಸರಿಯಾಗಿರುತ್ತಿತ್ತು. ಮತ್ತೆ ಜೋಡಿಸುವರು. ಮುಂದಿನ ವಾರ ಮತ್ತೆ ಬಿಚ್ಚುವರು.

"ಎಲ್ಲ ಸರಿ ಉಂಟು. ಹಾಗಾದ್ರೆ ನಾನು ಎಂತದೋ ತಪ್ಪು ಮಾಡಿದ್ದೇನೆ, ಅದು ಎಂತದು ಅಂತ ನನಗೇ ಕಾಣ್ತಾ ಇಲ್ಲ. ಅದು ಇನ್ನೂ ಕೆಟ್ಟದ್ದು ಅಲ್ವಾ ಜಮೀಲ? ಕಂಡ ತಪ್ಪು ತಿದ್ಬಹುದು."

"ಆ ಕೊಳವೇಲಿ ಏನೋ ಗಾಳಿ ಸೇರ್ಕೊಂಡಿರ್ಬೇಕು ದೂಮಣ್ಣ" ಎಂದೆ.

"ನಾನು ಗಾಳಿ ತೆಗೀದೆ ಬಿಡ್ತೇನಾ?" ಎಂದು ಕೇಳಿದರು. ಆಮೇಲೆ ಕೊಳವೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ, "ಬಿಟ್ಟಿರ್ಬಹುದು" ಎಂದರು.

ಇತ್ತ ನನ್ನ ಕತೆ ಬೆಳೆಯುತ್ತಲೇ ಇತ್ತು. ಎಲ್ಲರೂ ಒಂದೊಂದು ಅಡುಗೆ ತರುವ ದೀಪಾವಳಿಯ ಪಾಟ್‌ಲಕ್ಕಿನಲ್ಲಿ "ಬ್ರೇಕ್ ಕತೆ ಹೇಳಿ ಜಮೀಲಣ್ಣ" ಎಂದರು, ಹೇಳಿದೆ. ಕಾರಿನಲ್ಲಿ ವಾಪಸು ಬರುವಾಗ ಝಿಕ್ರಾ ಹಿಂದಿನ ಸೀಟಿನಿಂದ, "ಅಬ್ಬಾ, ಲಾಸ್ಟ್ ಟೈಮ್ ಇಟ್ ವಾಸ್ ಒನ್ ಸಿಗ್ನಲ್. ಇವತ್ತು ನೀನು ನಾಲ್ಕು ಹೇಳಿದೆ" ಎಂದಳು.

"ಊರು ಬೆಳೀತಿದೆಯಲ್ಲ ಬೇಟಾ, ಸಿಗ್ನಲ್ ಜಾಸ್ತಿ ಆಗಿವೆ" ಎಂದೆ. ಬಿಲ್ಕೀಸ್ ಕೂಡ ನಕ್ಕಳು.

ಮರುವಾರ ಯಶವಂತ ಸಿಕ್ಕಿದ. ದೂಮಣ್ಣನೇ ಹಾಕಿಕೊಟ್ಟಿದ್ದ ತನ್ನ ಕಾರಿನ ಬ್ರೇಕನ್ನು ಅಂಗಡಿಗೆ ಒಯ್ದು ಮತ್ತೊಮ್ಮೆ ನೋಡಿಸಿಕೊಂಡು ಬಂದನಂತೆ. "ಮನೇಲಿ ಮಗು ಇದೆಯಲ್ಲ ಜಮೀಲಣ್ಣ, ನಿಮ್ ಕತೆ ಕೇಳಿ ಭಯ ಆಯ್ತು. ದೂಮಣ್ಣಂಗೆ ಮಾತ್ರ ಹೇಳ್ಬೇಡಿ" ಎಂದ. ಆದರೆ ಅವನು ಹಾಗೆ ಎಷ್ಟು ಜನಕ್ಕೆ ಹೇಳಿದ್ದನೋ, ದೂಮಣ್ಣನಿಗೆ ಆ ಹೊತ್ತಿಗೆ ಗೊತ್ತಾಗಿಹೋಗಿತ್ತು. "ಒಳ್ಳೇದು ಮಾಡಿದ" ಎಂದರು. ಅಷ್ಟೇ ಅಂದರು.

ಅಂದಿನಿಂದ ನನಗೆ ಕತೆ ಹೇಳುವುದರಲ್ಲಿ ರುಚಿ ಹೋಯಿತು. ಯಾರಾದರೂ ಕೇಳಿದರೆ ಗಂಟಲು ನೋವು ಎನ್ನುತ್ತಿದ್ದೆ. ಅದನ್ನೂ ಯಾರೂ ನಂಬಲಿಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಮೇ ಹೊತ್ತಿಗೆ ಕಾರು ಮೂರು ಬಣ್ಣದಲ್ಲಿ ಎದ್ದು ನಿಂತಿತು. ಕಾಗದ ಬದಲಿಸಲು ಒಂದು ಅಫಿಡವಿಟ್ ಬೇಕು. ಏನೇನು ಹಾಳಾಗಿತ್ತು, ಏನೇನು ಸರಿ ಮಾಡಿದೆ ಎಂದು ಬರೆದು, ನೋಟರಿಯ ಮುಂದೆ ಇದು ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಬ್ಯಾಂಕಿನ ನೋಟರಿ ಹತ್ತಿರ ನಾನೂ ಜೊತೆಗೆ ಹೋದೆ. ಕಾಯುವ ಕುರ್ಚಿಯಲ್ಲಿ ಕೂತು ದೂಮಣ್ಣ ತುಂಬಿದ್ದ ಕಾಗದ ನೋಡಿದೆ. ಹುಡ್, ಫೆಂಡರ್, ಏರ್‌ಬ್ಯಾಗ್, ರೇಡಿಯೇಟರ್. ಅವೆಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ: 'ಬ್ರೇಕ್. ನನ್ನ ಕೆಲಸದ ದೋಷ.'

"ಇದ್ಯಾಕ್ ಬರ್ದ್ರಿ? ಬ್ರೇಕ್‌ಗೆ ಏನೂ ಆಗಿರ್ಲಿಲ್ವಲ್ಲ."

"ಪ್ರಮಾಣ ಮಾಡುದಲ್ವಾ ಮಾರಾಯ. ಇದ್ದದ್ದು ಬರೀಬೇಕು."

ನೋಟರಿಯ ಮೇಜಿನ ಮುಂದೆ ಅವರು ಬಲಗೈ ಎತ್ತಿದರು. ಆಯಿಲ್ ಕಲೆ ಹೋಗದ ಕೈ. ಮೂವತ್ತು ವರ್ಷ ಮಾತ್ರೆಯ ಬಗ್ಗೆ ಸುಳ್ಳು ಬರೆಯದ ಮನುಷ್ಯ ನನ್ನ ಸುಳ್ಳಿನ ಮೇಲೆ ಪ್ರಮಾಣ ಮಾಡಿ ಸಹಿ ಹಾಕಿದರು. ನೋಟರಿ ಹೆಂಗಸು ಸೀಲು ಒತ್ತಿದಳು.

ಪಾರ್ಕಿಂಗ್ ಲಾಟಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ.

"ದೂಮಣ್ಣ, ಆವತ್ತು ನಾನು ಬ್ರೇಕೇ ಒತ್ತಿರ್ಲಿಲ್ಲ. ಪಾತ್ರೆ ಉರುಳ್ತಿತ್ತು. ಶೀರ್ ಖುರ್ಮಾ ತೂಫಾನಿನ ಹಾಗೆ ಎದ್ದು, ಸಮುದ್ರದ ಅಲೆ ತರ ನನ್ ಕಡೆ ಬಂತು, ನಾನು ಎರಡೂ ಕೈಯಲ್ಲಿ ಅದನ್ನ ತಬ್ಕೊಂಡು..."

ದೂಮಣ್ಣ ನಕ್ಕರು. ಹದಿಮೂರು ತಿಂಗಳಲ್ಲಿ ಮೊದಲ ಸಲ ನಕ್ಕರು. ನನ್ನ ಬೆನ್ನು ತಟ್ಟಿದರು.

"ಸಾಕು ಮಾರಾಯ. ನನ್ನ ಸಮಾಧಾನಕ್ಕೆ ನೀನು ಎಂತ ಕತೆ ಬೇಕಾದ್ರೂ ಕಟ್ತೀಯ. ನಿನ್ನ ಮನಸ್ಸು ದೊಡ್ಡದು."

ಆ ಮಾತು ಹೊತ್ತುಕೊಂಡು ಒಂದು ವಾರ ತಿರುಗಿದೆ. ನನ್ನ ತಪ್ಪೇ. ನಿಜ ಹೇಳಲು ಹೊರಟು ಅಲೆ, ತೂಫಾನು ಎಂದೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ.

ಆಮೇಲೆ ತಾತ್ಕಾಲಿಕ ಪರ್ಮಿಟ್ ಅಂಟಿಸಿಕೊಂಡು ತಪಾಸಣೆಗೆ ಹೋದೆವು. ತಪಾಸಣೆಯವನು ಕೆಂಪು ಗಡ್ಡದ ದಪ್ಪ ಮನುಷ್ಯ. ಲೈಟು, ಹಾರ್ನು, ಟೈರು ನೋಡಿದ. ಚಕ್ರದ ಒಳಗೆ ಬೆಳಕು ಬಿಟ್ಟು ಬಹಳ ಹೊತ್ತು ಇಣುಕಿದ. ಕಾರನ್ನು ಓಡಿಸಿ, ನಿಲ್ಲಿಸಿ, ಇಳಿದು ಬಂದು, ಈ ಬ್ರೇಕ್ ಯಾರು ಹಾಕಿದ್ದು, ಇಷ್ಟು ಚೊಕ್ಕ ಕೆಲಸ ನಾನು ಈ ವರ್ಷ ನೋಡಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದ. ಕಾರು ಪಾಸಾಯಿತು.

ನನಗೆ ಖುಷಿಯಾಯಿತು. ದೂಮಣ್ಣನ ಮುಖ ಇನ್ನೂ ಇಳಿಯಿತು.

"ಚೊಕ್ಕ ಇತ್ತು. ಆದ್ರೂ ಹಿಡೀಲಿಲ್ಲ" ಎಂದರು, ದಾರಿಯಲ್ಲಿ. ಗಂಟೆಗೆ ಮೂವತ್ತೈದು ಮೈಲಿಯ ರಸ್ತೆಯಲ್ಲಿ ಇಪ್ಪತ್ತರಲ್ಲಿ ಓಡಿಸುತ್ತಿದ್ದರು. ಹಿಂದಿನವರು ಹಾರ್ನ್ ಮಾಡಿದರು. "ಇದನ್ನು ಇನ್ನು ನಾನು ಓಡ್ಸುದಿಲ್ಲ ಜಮೀಲ. ರಿಪೇರಿ ಕೆಲಸವೂ ಸಾಕು. ಶನಿವಾರ ಸಾಮಾನೆಲ್ಲ ಡೊನೇಟ್ ಮಾಡಿ ಬಿಡ್ತೇನೆ. ನಿನಗೆ ಎಂತಾದ್ರೂ ಆಗಿದ್ರೆ ನಾನು ಬಿಲ್ಕೀಸ್ ಮುಖ ಹೇಗೆ ನೋಡುದು?"

ಶನಿವಾರ ಬೆಳಿಗ್ಗೆ ಹೋದೆ. ಗರಾಜಿನ ಬಾಗಿಲು ಮೇಲಿತ್ತು. ಗೋಡೆ ಖಾಲಿ. ದೂಮಣ್ಣ ಸಣ್ಣ ಸ್ಟೂಲಿನ ಮೇಲೆ ಕೂತು, ಒಂದೊಂದೇ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದರು. ನಾನು ಹೊಸ್ತಿಲಿನ ಆಚೆ, ಡ್ರೈವ್‌ವೇಯಲ್ಲಿ ನಿಂತೆ.

"ದೂಮಣ್ಣ, ಒಂದ್ ವಿಷ್ಯ ಹೇಳ್ಬೇಕು."

"ಹೇಳು. ಇವತ್ತು ಎಷ್ಟು ಸಿಗ್ನಲ್?"

"ಸಿಗ್ನಲ್ ಇಲ್ಲ."

"ಲಾರಿ?"

"ಲಾರಿನೂ ಇಲ್ಲ. ಹಳಿ ದಾಟ್ದೆ. ಮುಚ್ಚಳ ಜಾರ್ತು. ಪಾತ್ರೆ ಹಿಡ್ಕೊಂಡೆ. ರಸ್ತೆ ನೋಡ್ಲಿಲ್ಲ. ಕಂಬಕ್ಕೆ ಗುದ್ದಿದೆ."

ಬಟ್ಟೆ ಹಿಡಿದ ಕೈ ನಿಂತಿತು.

"ಮತ್ತೆ?"

"ಮತ್ತೇನಿಲ್ಲ."

"ಅಷ್ಟೆಯಾ?"

"ಅಷ್ಟೆ."

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ಬಿಳಿ ಬಟ್ಟೆಯ ಮೇಲಿಟ್ಟ ಸಾಮಾನನ್ನು ನೋಡುವ ಹಾಗೆ.

"ಇಷ್ಟು ಸಪ್ಪೆ ಕತೆ ನಿನ್ನ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ" ಎಂದರು. ಕೈಯಲ್ಲಿದ್ದ ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿದರು. ಆಮೇಲೆ, "ಬ್ರೇಕ್ ಒತ್ತಿದ್ಯಾ, ಇಲ್ವಾ?"

"ಇಲ್ಲ."

"ಒಂದು ಸಲವೂ?"

"ಒಂದ್ ಸಲನೂ ಇಲ್ಲ."

ದೂಮಣ್ಣ ತಮ್ಮ ಎರಡು ಕೈಗಳನ್ನು ಮುಂದೆ ಚಾಚಿ ತಿರುಗಿಸಿ ನೋಡಿಕೊಂಡರು. ಅಂಗೈ, ಮುಂಗೈ. ಪೆಟ್ಟಿಗೆಯಿಂದ ಒಂದು ಸ್ಪ್ಯಾನರ್ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದರು. ಇನ್ನೊಂದು ತೆಗೆದು ಅದನ್ನೂ ಹಾಕಿದರು. ನನ್ನ ಕಡೆ ತಿರುಗಲಿಲ್ಲ.

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ತಡೆಯಲಾರದೆ ನಾನೇ ಶುರು ಮಾಡಿದೆ.

"ಯಶವಂತಂಗೆ ನಾನೇ ಹೋಗಿ ಹೇಳ್ತೀನಿ. ಎಲ್ಲಾರ್ಗೂ ಹೇಳ್ತೀನಿ. ಆ ಅಫಿಡವಿಟ್ ವಾಪಸ್ ತಗೊಂಡು ಬೇರೆ ಬರ್ಸೋಣ, ನಾನೇ ಸಹಿ ಹಾಕ್ತೀನಿ. ನೋಡಿ, ಮೋಸ ಮಾಡ್ಬೇಕು ಅಂತ ನಂಗಿರ್ಲಿಲ್ಲ ದೂಮಣ್ಣ. ಫೋನ್ ಎತ್ತಿದಾಗ ನಿಜ ಹೇಳ್ಬೇಕು ಅಂತಾನೇ ಇದ್ದೆ. ಆದ್ರೆ ನೀವು ಕಾರಿನ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ. 'ನಿನಗೆ ಎಂತ ಆಗ್ಲಿಲ್ಲ ಅಲ್ವಾ' ಅಂತ ಕೇಳಿದ್ರಿ. ಹಾಗೆ ಕೇಳಿದ ಮೇಲೆ ನಾನು..."

ದೂಮಣ್ಣ ಎದ್ದರು. ಕೈ ಒರೆಸಿದ ಬಟ್ಟೆಯನ್ನು ಮಡಚಿ ಸ್ಟೂಲಿನ ಮೇಲಿಟ್ಟರು. ಮನೆಯೊಳಗೆ ಹೋಗುವ ಬಾಗಿಲ ಹತ್ತಿರ ನಿಂತು, ಗೋಡೆಯ ಗುಂಡಿ ಒತ್ತಿ ಒಳಗೆ ನಡೆದರು. ಗರಾಜಿನ ಬಾಗಿಲು ಗೊರಗೊರ ಎನ್ನುತ್ತ ಕೆಳಗೆ ಇಳಿಯತೊಡಗಿತು. ಕಿರಿದಾಗುತ್ತಿದ್ದ ಸಂದಿಯಲ್ಲಿ ಮಾತು ತೂರಿಸಲು ನಾನು ಬಗ್ಗಿದೆ.

"ಹಾಗೆ ಕೇಳಿದ ಮೇಲೆ ಒಂದು ಪಾತ್ರೆ ಪಾಯಸಕ್ಕೆ ನಿಮ್ಮ ಕಾರು ಜಜ್ಜಿದೆ ಅಂತ ಹೇಳೋಕೆ ನಂಗೆ ನಾಚ್ಕೆ ಆಯ್ತು, ದೂಮಣ್ಣ, ಅದಕ್ಕೇ ಬಾಯಿಗ್ ಬಂದದ್ದು, ನಿಜವಾಗ್ಲೂ, ನನ್ ಕಣ್ಣಾಣೆ, ನಾನು